ಏಳನೇ ಗುರುತು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಓದುವವರು ನನ್ನ ಪರ ವಹಿಸಿಕೊಂಡು ಆಮೇಲೆ ಬೇಸರಪಡಬಾರದು. "ಇವಳನ್ನ ಕಟ್ಕೊಳ್ಳೋನು ಕಿವಿಗೆ ಹತ್ತಿ ಇಟ್ಕೊಂಡೇ ಮಂಟಪಕ್ಕೆ ಬರ್ಬೇಕು" ಅಂತ ಮೈಸೂರಿನಲ್ಲಿ ನಮ್ಮಮ್ಮ ಹೇಳುತ್ತಿದ್ದಳು. ನನ್ನ ಗಂಡ ಹತ್ತಿ ಇಟ್ಟುಕೊಳ್ಳಲಿಲ್ಲ, ನಗುವುದನ್ನು ಕಲಿತರು. ನಾನು ನಾಟಕ ಆಡಿಸಿದ ವರ್ಷ ನನ್ನ ಕೋಪಕ್ಕೆ ಸಿಕ್ಕವರು ಅವರಲ್ಲ, ನಮ್ಮ ಆಫೀಸಿನ ಕಾಕಾ.

ಆಫೀಸು ದೋಹಾದ ಅಲ್ ಸದ್ದ್‌ನಲ್ಲಿ. ಅಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಕಟ್ಟಡದ ನಕ್ಷೆ ಎಷ್ಟನೇ ಸಲ ತಿದ್ದಿದ್ದು, ಯಾರು ಸಹಿ ಹಾಕಿದ್ದು, ಹಳೆಯದು ತಪ್ಪಿ ಯಾರ ಕೈಗೂ ಸಿಗದ ಹಾಗೆ ಎತ್ತಿಟ್ಟದ್ದಾಯಿತೇ, ಇದು ನನ್ನ ಕೆಲಸ. ಕಾಕಾ ಕಂಪನಿಯ ಮಂದೂಬ್. ವೀಸಾ, ಬೆರಳಚ್ಚು, ವೈದ್ಯಕೀಯ ಪರೀಕ್ಷೆ ಎಂದು ಹೊಸಬರನ್ನು ಸರ್ಕಾರಿ ಕಚೇರಿಗಳಿಗೆ ಕರೆದುಕೊಂಡು ಹೋಗಿ ಬರುವವರಿಗೆ ಇಲ್ಲಿ ಆ ಹೆಸರು. ವಿಟ್ಲದ ಕಡೆಯ ಬ್ಯಾರಿ, ಅರವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಸದಾ ನಾಲ್ಕು ಪೆನ್ನು. ಇಪ್ಪತ್ತೆಂಟು ವರ್ಷ ಅದೇ ಕೆಲಸ ಮಾಡಿದ್ದರು. ನಾನು ಮೊದಲ ಸಲ ಇಲ್ಲಿಗೆ ಬಂದು ಪರೀಕ್ಷೆಗೆ ಹೆದರಿ ಕೂತಿದ್ದಾಗ, "ಹೆದರ್ಲಿಕ್ಕೆ ಎಂತ ಇಲ್ಲ ಮೇಡಂ, ರಕ್ತ ಸ್ವಲ್ಪ ಕೊಡ್ಬೇಕು, ಉಸಿರು ಸ್ವಲ್ಪ ಹಿಡೀಬೇಕು, ಖಲಾಸ್" ಅಂದವರು ಅವರೇ.

ಅಮೆರಿಕದ ಸಂಗೀತ ನಾಟಕಗಳ ಹುಚ್ಚು ನನಗೆ ಹತ್ತಿದ್ದು ಕೋವಿಡ್ ಕಾಲದಲ್ಲಿ, ಓಲ್ಡ್ ಏರ್‌ಪೋರ್ಟಿನ ನಮ್ಮ ಫ್ಲಾಟಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾಗ. ಚಿಕ್ಕಂದಿನಲ್ಲಿ ಒಂಬತ್ತು ವರ್ಷ ಭರತನಾಟ್ಯ ಕಲಿತವಳು ನಾನು, ಮದುವೆಯಾದ ಮೇಲೆ ಗೆಜ್ಜೆ ಮುಟ್ಟಿರಲಿಲ್ಲ. ನಾಟಕಗಳ ಹಳೆಯ ರೆಕಾರ್ಡಿಂಗ್ ನೋಡುತ್ತ ನೋಡುತ್ತ ಅವುಗಳ ಚರಿತ್ರೆಯ ಒಂದು ದಪ್ಪ ಪುಸ್ತಕವನ್ನೂ ತರಿಸಿಕೊಂಡೆ. ಮೊದಮೊದಲು ಅಲ್ಲಿ ನಾಟಕ ಆಡಿಸುವವನೇ ಬೇರೆ, ಕುಣಿಸುವವನೇ ಬೇರೆ. ಮಾತು ನಿಂತ ಕಡೆ ಹುಡುಗಿಯರ ಒಂದು ಸಾಲು ಬಂದು ಕಾಲೆತ್ತಿ ಕುಣಿದು ಹೋಗಬೇಕು, ಅಷ್ಟರಲ್ಲಿ ಹಿಂದೆ ಪರದೆ ಬದಲಾಗಬೇಕು. ಆಮೇಲೆ ಬ್ಯಾಲೆಯಿಂದ ಬಂದ ಒಬ್ಬ ಹೆಂಗಸು, ನಾಯಕಿ ಬಾಯಿಬಿಟ್ಟು ಹೇಳಲಾಗದ ಭಯವನ್ನು ಒಂದು ಕನಸಿನ ಕುಣಿತ ಮಾಡಿ ತೋರಿಸಿದಳು. ಅಲ್ಲಿಂದ ಕುಣಿತವೇ ಕಥೆ ಹೇಳತೊಡಗಿತು. ಕಥೆ ನಮ್ಮ ಕೈಯಲ್ಲಿದ್ದ ಮೇಲೆ ನಿರ್ದೇಶಕ ಬೇರೆ ಯಾಕೆ ಎಂದು ನೃತ್ಯ ಸಂಯೋಜಕರು ಕೇಳಿದರು, ಜಗಳವಾಡಿ ಪಡೆದರು. ಎರಡು ಹೆಸರಿದ್ದ ಕಡೆ ಒಂದೇ ಹೆಸರು ಬಂತು. ನಿರ್ದೇಶನ ಮತ್ತು ನೃತ್ಯ ಸಂಯೋಜನೆ, ಇಂಥವರು. ಆ ಸಾಲನ್ನು ಓದಿದಾಗಲೆಲ್ಲ ಅಲ್ಲಿ ನನ್ನ ಹೆಸರಿಟ್ಟು ನೋಡುತ್ತಿದ್ದೆ. ಆಸೆ ಅಂತಲೇ ಹೇಳಬೇಕು.

ಅವರ ಸಿಟ್ಟಿನ ಕಥೆಗಳೂ ಆ ಪುಸ್ತಕದಲ್ಲಿದ್ದವು, ಅವನ್ನು ನಾನು ಇನ್ನೂ ಇಷ್ಟಪಟ್ಟು ಓದಿದೆ. ಒಬ್ಬರು ಕಿರುಬೆರಳು ಇಷ್ಟೇ ಬಾಗಬೇಕು ಅಂತ ದಿನವಿಡೀ ಕುಣಿಸುತ್ತಿದ್ದರಂತೆ. ಒಬ್ಬರು ಕುಣಿಯುವವರನ್ನು ಸುತ್ತ ಕೂರಿಸಿಕೊಂಡು ಅವರವರ ಬದುಕನ್ನು ಹೇಳಿಸಿ, ರೆಕಾರ್ಡ್ ಮಾಡಿಕೊಂಡು, ಅದರಿಂದಲೇ ನಾಟಕ ಕಟ್ಟಿದರಂತೆ. ಇನ್ನೊಬ್ಬರ ವಿಷಯದಲ್ಲಿ ಒಂದು ದಂತಕಥೆಯೇ ಇದೆ. ತಾಲೀಮಿನಲ್ಲಿ ಎಲ್ಲರನ್ನೂ ಬಾಯಿಗೆ ಬಂದ ಹಾಗೆ ಬೈಯುತ್ತ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದರಂತೆ. ಹಿಂದೆ ವೇದಿಕೆ ಮುಗಿಯುತ್ತದೆ ಎಂದು ಸಾಲಿನಲ್ಲಿ ನಿಂತ ಅಷ್ಟೂ ಜನರಿಗೆ ಕಾಣುತ್ತಿತ್ತು, ಒಬ್ಬರೂ ಬಾಯಿಬಿಡಲಿಲ್ಲ. ವಾದ್ಯದವರು ಕೂರುವ ಗುಂಡಿಗೆ ಬಿದ್ದರಂತೆ. ನಿಜವೋ ಸುಳ್ಳೋ, ನಾನು ಗಂಡನಿಗೆ ಅದನ್ನು ಹತ್ತು ಸಲ ಹೇಳಿ ನಕ್ಕಿದ್ದೆ. "ನೀನು ಹುಷಾರಾಗಿರು" ಅಂದಿದ್ದರು ಅವರು.

ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಒಂದು ಗಂಟೆಯ ನಾಟಕ ಕೊಡಿ ಎಂದು ಅಧ್ಯಕ್ಷರು ಕೇಳಿದಾಗ ನಾನು ಒಂದೇ ಷರತ್ತು ಹಾಕಿದೆ. ನಿರ್ದೇಶನವೂ ನನ್ನದು, ನೃತ್ಯವೂ ನನ್ನದು, ನಡುವೆ ಯಾರೂ ಮೂಗು ತೂರಿಸಬಾರದು. ನಾಟಕದ ವಿಷಯ ಗಲ್ಫಿಗೆ ಬಂದವರೆಲ್ಲರ ಮೊದಲ ತಿಂಗಳು. ಅದರ ಜೀವಾಳ ಒಂದು ಕುಣಿತ: ವೈದ್ಯಕೀಯ ಪರೀಕ್ಷೆಯ ಕ್ಯೂ. ಈಗ ಕೆಲಸಕ್ಕೆ ಬರುವವರ ಪರೀಕ್ಷೆ ಬಹುಮಟ್ಟಿಗೆ ಊರಲ್ಲೇ ಮುಗಿದುಬಿಡುತ್ತದೆ. ಆದರೆ ಸಭಾಂಗಣದಲ್ಲಿ ಕೂರುವವರಲ್ಲಿ ಮುಕ್ಕಾಲು ಜನ ಆ ಕ್ಯೂನಲ್ಲಿ ನಿಂತು ಬಂದವರು. ಪಾಸಾದರೆ ಇಲ್ಲಿ ಬಾಳು, ಇಲ್ಲದಿದ್ದರೆ ಮುಂದಿನ ವಿಮಾನ. ಹನ್ನೆರಡು ಜನ ಸಾಲಾಗಿ ನಿಲ್ಲುತ್ತಾರೆ, ಟೋಕನ್ ಚೀಟಿ ಕೈಯಿಂದ ಕೈಗೆ ಸಾಗುತ್ತದೆ, ತೋಳು ಮಡಚುತ್ತಾರೆ, ಎಕ್ಸ್‌ರೇ ಯಂತ್ರಕ್ಕೆ ಎದೆ ಒತ್ತುತ್ತಾರೆ. ಆಗ ಸಂಗೀತ ನಿಲ್ಲುತ್ತದೆ. ಎಂಟು ಎಣಿಕೆ ಪೂರ್ತಿ ಮೌನ, ಹನ್ನೆರಡು ಜನ ಉಸಿರು ಹಿಡಿದು ಅಲ್ಲಾಡದೆ ನಿಲ್ಲಬೇಕು. ಎಂಟಕ್ಕೆ ಒಟ್ಟಿಗೆ ಉಸಿರು ಬಿಡಬೇಕು. ನಾಟಕ ನಿಂತಿದ್ದೇ ಆ ಎಂಟು ಎಣಿಕೆಯ ಮೇಲೆ.

ಕ್ಯೂ ಹೇಗಿರುತ್ತಿತ್ತು ಎಂದು ನನಗೆ ಕಲಿಸಿದವರು ಕಾಕಾ. ಅವರ ಕಾರಿನಲ್ಲಿ ಕೂತು, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿದೆ. ಹೊಸಬರು ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿಯುತ್ತಾರೆ ಎಂದು ಹೇಳಿದರು. ಅವರು ಬಾಗಿಲನ್ನು ನೋಡುವುದಿಲ್ಲ, ಬಾಗಿಲಿಂದ ಹೊರಗೆ ಬರುವವರ ಮುಖ ನೋಡುತ್ತಾರೆ. ಗುರುತಿಲ್ಲದಿದ್ದರೂ ಹಿಂದಿನವನಿಗೆ ಸುಮ್ಮನೆ ನಗುತ್ತಾರೆ. ಒಂದೊಂದನ್ನೂ ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿದಾಗ ಸ್ಟೀರಿಂಗ್ ಬಿಟ್ಟು ಕೈಯಲ್ಲಿ ಮಾಡಿ ತೋರಿಸಿದರು, ನಾನು ಅದನ್ನೇ ತಾಳಕ್ಕೆ ಕೂರಿಸಿದೆ.

"ಕೆಲವರ ಫೈಲು ಪಕ್ಕಕ್ಕೆ ಇಡ್ತಾರೆ ಮೇಡಂ" ಅಂದರು ಒಂದು ದಿನ. "ಎದೆಯಲ್ಲಿ ಹಳೇ ಕಲೆ ಎಂತದಾದ್ರೂ ಕಂಡ್ರೆ. ಅವನಿಗೆ ಯಾರೂ ಎಂತ ಹೇಳುದಿಲ್ಲ. ಬೇರೆ ಕುರ್ಚಿಯಲ್ಲಿ ಕೂರಿಸ್ತಾರೆ. ಕ್ಯೂ ಮುಂದೆ ಹೋಗ್ತದೆ, ಅವನ ಜಾಗ ಮಾತ್ರ ಸ್ವಲ್ಪ ಹೊತ್ತು ಹಾಗೇ ಇರ್ತದೆ. ಹಿಂದಿನವನಿಗೆ ಮುಂದೆ ಬರ್ಲಿಕ್ಕೆ ಮನಸ್ಸಾಗುದಿಲ್ಲ ನೋಡಿ. ನಾನು ಹೋಗಿ ಅವನ ಪಕ್ಕ ಕೂತ್ಕೊಂಡು ಒಂದು ಚಾ ತರಿಸಿ ಕೊಡ್ತಿದ್ದೆ. ಬೇರೆಂತ ಮಾಡ್ಲಿಕ್ಕೆ ಉಂಟು?"

"ಅದು ಬೇಡ ಕಾಕಾ" ಅಂದೆ. "ವಾರ್ಷಿಕೋತ್ಸವದಲ್ಲಿ ಜನರನ್ನ ಅಳಿಸ್ಬಾರದು."

ಅದಾಗಿ ಒಂದು ವಾರಕ್ಕೆ ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಮಂದೂಬ್ ಕೆಲಸ ಈಗ ಅರ್ಧಕ್ಕರ್ಧ ಫೋನಿನಲ್ಲೇ ಆಗುತ್ತದೆ, ಅವರ ಹುದ್ದೆಯನ್ನು ತೆಗೆಯುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಟಿಕೆಟ್ ಆಗಿದೆ ಅಂದರು, ವಾರ್ಷಿಕೋತ್ಸವ ಶುಕ್ರವಾರ, ತಾನು ಹೊರಡುವುದು ಅದಾದ ಮೇಲಿನ ಭಾನುವಾರ. ಆಮೇಲೆ ಪೆನ್ನುಗಳನ್ನು ಜೇಬಿನಲ್ಲಿ ಸರಿ ಮಾಡಿಕೊಳ್ಳುತ್ತ, "ಆ ಕ್ಯೂನಲ್ಲಿ ನನಗೂ ಒಂದು ಜಾಗ ಸಿಗ್ಬಹುದಾ?" ಅಂತ ಕೇಳಿದರು.

ಯಾಕೆ ಅಂದೆ.

"ಮಗಳು ಯಾವಾಗಲೂ ಕೇಳ್ತಾಳೆ, ನೀವು ಅಲ್ಲಿ ಎಂತ ಮಾಡ್ತೀರಿ ಅಂತ. ಆ ಆಫೀಸುಗಳ ಒಳಗೆ ಫೋಟೋ ತೆಗೀಲಿಕ್ಕೆ ಬಿಡುದಿಲ್ಲ. ಒಂದು ಫೋಟೋ ಇಲ್ಲ ಮೇಡಂ ನನ್ನ ಹತ್ರ, ಕೆಲಸ ಮಾಡುವಾಗಿನದ್ದು. ನಿಮ್ಮದು ಲೈವ್ ಬರ್ತದಲ್ವಾ? ಒಂದು ಸಲ ಅವಳು ನೋಡ್ಲಿ, ಆಮೇಲೆ ಹೋಗ್ತೇನೆ."

ಕೊಟ್ಟೆ. ಸಾಲಿನ ನಡುವೆ, ಏಳನೇ ಜಾಗ. ಎಲ್ಲರೂ ಪಾಸ್‌ಪೋರ್ಟು ಹಿಡಿದಿದ್ದರೆ ಅವರ ಕೈಯಲ್ಲಿ ಮಾತ್ರ ಫೈಲುಗಳ ಕಟ್ಟು. ಆಗ ನನಗೆ ನಿಜವಾಗಿಯೂ ಖುಷಿಯಾಗಿತ್ತು.

ತಾಲೀಮು ಉಮ್ಮ್ ಸಲಾಲ್‌ನಲ್ಲಿ ಸಂಘದವರೊಬ್ಬರ ವಿಲ್ಲಾದಲ್ಲಿ, ಶುಕ್ರವಾರ ಬೆಳಿಗ್ಗೆ ಏಳೂವರೆಗೆ. ಕಾಕಾ ಜುಮ್ಮಾ ನಮಾಜಿಗೆ ಹೋಗಬೇಕಾದ್ದರಿಂದ ಹತ್ತೂವರೆಗೆ ಮುಗಿಸಬೇಕಿತ್ತು. ಸಾಲಿನಲ್ಲಿ ಇಂಜಿನಿಯರುಗಳು, ಇಬ್ಬರು ನರ್ಸುಗಳು, ಬ್ಯಾಂಕಿನವರೊಬ್ಬರು, ನನ್ನ ಅಕ್ಕಪಕ್ಕದ ಫ್ಲಾಟಿನ ಹೆಂಗಸರು. ಯಾರಿಗೂ ಕುಣಿದು ಅಭ್ಯಾಸವಿಲ್ಲ, ಆದರೂ ಒಂದು ತಿಂಗಳಿಗೆಲ್ಲ ಹನ್ನೊಂದು ಜನಕ್ಕೆ ಎಣಿಕೆ ಕೂತಿತು. ಕಾಕಾಗೆ ಟೋಕನ್ ಬಂತು, ತೋಳು ಬಂತು, ಎಲ್ಲ ಬಂತು. ಮೌನ ಮಾತ್ರ ಬರಲಿಲ್ಲ. ಆರಕ್ಕೆ ಸರಿಯಾಗಿ ಅವರ ಹೆಗಲು ಇಳಿದುಬಿಡುತ್ತಿತ್ತು. ಎಂಟಕ್ಕೆ ಉಳಿದ ಹನ್ನೊಂದು ಜನ ಉಸಿರು ಬಿಡುವಾಗ ಅವರು ಆಗಲೇ ಫೈಲು ಎತ್ತಿಕೊಂಡಿರುತ್ತಿದ್ದರು.

"ಅಷ್ಟು ಹೊತ್ತು ಉಸಿರು ಹಿಡೀಲಿಕ್ಕೆ ಇರುದಿಲ್ಲ ಮೇಡಂ, ಎಕ್ಸ್‌ರೇ ರೂಮಿನ ಒಳಗೆ" ಅಂದರು ಎರಡನೇ ವಾರ.

"ಕಾಕಾ, ಇದು ಡಾನ್ಸು. ಇದ್ರಲ್ಲಿ ಎಂಟು ಅಂದ್ರೆ ಎಂಟೇ. ಟ್ರ್ಯಾಕ್ ಬೆಂಗಳೂರಿಂದ ರೆಡಿಯಾಗಿ ಬಂದಿದೆ, ನಿಮಗೋಸ್ಕರ ಬದಲಾಯಿಸೋಕಾಗಲ್ಲ."

"ಆಯ್ತು ಆಯ್ತು" ಅಂದರು. ಮತ್ತೆ ಆರಕ್ಕೇ ಇಳಿಸಿದರು.

ನಾನು ಬೆರಳಲ್ಲಿ ಎಣಿಸಿ ತೋರಿಸಿದೆ. ಪಕ್ಕದ ನರ್ಸು ಅವರ ಬೆನ್ನಿಗೆ ಮೆಲ್ಲಗೆ ತಟ್ಟುವುದೆಂದು ಮಾಡಿದೆವು. ತಟ್ಟುವ ಮೊದಲೇ ಇಳಿಸುತ್ತಿದ್ದರು. ಮನೆಯಲ್ಲಿ ಅನ್ನಕ್ಕಿಟ್ಟು ಎಣಿಸುತ್ತಿದ್ದೆ, ಲಿಫ್ಟಿನಲ್ಲಿ ಎಣಿಸುತ್ತಿದ್ದೆ, ಆರು ಬಂದಾಗಲೆಲ್ಲ ಹಲ್ಲು ಕಚ್ಚುತ್ತಿದ್ದೆ. "ಆ ಮನುಷ್ಯನ ಮೇಲಿನ ಕೋಪ ಸಾರಿನ ಮೇಲೆ ಯಾಕೆ ತೀರಿಸ್ಕೋತೀಯ?" ಅಂದರು ಗಂಡ. ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ.

ಅಧ್ಯಕ್ಷರ ಹತ್ತಿರ ವಿಷಯ ತೆಗೆದಾಗ ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ನಮ್ಮ ಸಂಘದಲ್ಲಿ ಯಾರನ್ನೂ ಹೊರಗೆ ಹಾಕೋ ಪದ್ಧತಿ ಇಲ್ಲ ಮೇಡಂ. ಬರೋದಿಲ್ಲ ಅಂದ್ರೂ ಹಿಂದಿನ ಸಾಲಲ್ಲಿ ನಿಲ್ಲಿಸ್ತೀವಿ. ಫೋಟೋದಲ್ಲಿ ಬಂದ್ರೆ ಆಯ್ತು."

"ನನ್ನ ಕುಣಿತದಲ್ಲಿ ಹಿಂದಿನ ಸಾಲೇ ಇಲ್ಲ ಸರ್. ಇರೋದು ಒಂದೇ ಸಾಲು" ಅಂದೆ. ಅಮೆರಿಕದವರು ನೂರಾರು ಜನರನ್ನು ಕರೆದು, ಕುಣಿಸಿ ನೋಡಿ, ಥ್ಯಾಂಕ್ಯೂ ಎಂದು ಕಳಿಸಿಬಿಡುತ್ತಾರೆ ಎಂದು ಒಂದು ಪಾಠವನ್ನೂ ಮಾಡಿದೆ. ಅವರು ಚಹಾ ಕುಡಿದು ಎದ್ದು ಹೋದರು.

ಒಂದು ವಾರ ಉಳಿದಾಗ, ಶುಕ್ರವಾರ, ನಾಟಕ ನಡೆಯುವ ಶಾಲೆಯ ಸಭಾಂಗಣ ನಮಗೆ ಒಂದೇ ಬೆಳಿಗ್ಗೆಗೆ ಸಿಕ್ಕಿತು. ಇನ್ನು ಸಿಗುವುದು ನಾಟಕದ ದಿನ ಮಧ್ಯಾಹ್ನವೇ. ನಾನು ಹೋಗುವಷ್ಟರಲ್ಲಿ ಕಾಕಾ ಬಂದು, ಉಮ್ಮ್ ಸಲಾಲ್‌ನ ಅಳತೆಯನ್ನು ಚೀಟಿಯಲ್ಲಿ ಬರೆದು ತಂದು, ವೇದಿಕೆಯ ಮೇಲೆ ಮಂಡಿಯೂರಿ ಹಳದಿ ಟೇಪು ಅಂಟಿಸುತ್ತಿದ್ದರು. ಹನ್ನೆರಡು ಗುರುತು, ಒಂದೊಂದರ ಪಕ್ಕ ನಂಬರು. ಒಂದೇ ಒಂದು ಗುರುತೂ ಓರೆಯಿರಲಿಲ್ಲ. "ಇಲ್ಲಿ ಒಂದು ಇಂಚು ಆಚೀಚೆ ಆದ್ರೆ ಟೋಕನ್ ಕೈಗೆ ಎಟಕುದಿಲ್ಲ" ಅಂದರು ಎದ್ದು ನಿಂತು.

ಐದು ಸಲ ಮಾಡಿದೆವು. ಐದು ಸಲವೂ ಆರು.

ಆರನೇ ಸಲ ನಾನು ಕೂಗಿದೆ. ಬೆಳಕಿನವನು ಅಲ್ಲೇ ಇದ್ದ, ಶಾಲೆಯ ಇಬ್ಬರು ಕಾವಲಿನವರಿದ್ದರು, ಹನ್ನೊಂದು ಜನ ಸಾಲಿನಲ್ಲಿದ್ದರು. "ಎಂಟು ಎಣಿಸೋಕೆ ಬರಲ್ವಾ ನಿಮಗೆ? ಒಂದನೇ ಕ್ಲಾಸ್ ಮಗು ಎಣಿಸುತ್ತೆ. ಇವರೆಲ್ಲ ಎರಡು ತಿಂಗಳಿಂದ ಬೆವರು ಸುರಿಸ್ತಿರೋದು ನೀವೊಬ್ರು ಹಾಳು ಮಾಡ್ಲಿ ಅಂತಾನಾ? ಸಾಕು ಕಾಕಾ. ನೀವು ಕೂತ್ಕೊಳ್ಳಿ. ನಿಮ್ಮನ್ನ ತೆಗೆದಿದೀನಿ."

ಕಾಕಾ ಫೈಲುಗಳ ಕಟ್ಟನ್ನು ಏಳನೇ ಗುರುತಿನ ಮೇಲೆ ಇಟ್ಟರು, ಸಾಲಿನಿಂದ ಹೊರಗೆ ಬಂದು ಪಕ್ಕದ ಪರದೆಯ ಹತ್ತಿರ ನಿಂತರು. ನನಗೆ ಆ ಫೈಲು ಅಲ್ಲಿದ್ದದ್ದಕ್ಕೂ ಕೋಪ ಬಂತು. ಕಾಲಲ್ಲಿ ಸರಿಸಿದೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೆ ಸರಿಸಿದ್ದು ಹೌದು. ಆಮೇಲೆ ಉಳಿದವರಿಗೂ ಶುರು ಮಾಡಿದೆ. ಬ್ಯಾಂಕಿನವರ ಸೊಂಟ, ಪಕ್ಕದ ಫ್ಲಾಟಿನವಳ ತುಟಿ, ಯಾರನ್ನೂ ಬಿಡಲಿಲ್ಲ. ಇಡೀ ಸಾಲು ಒಟ್ಟಿಗೆ ಕಾಣಲಿ ಎಂದು ಬೈಯುತ್ತ ಬೈಯುತ್ತ ಹಿಂದೆ ಸರಿದೆ. ಹನ್ನೊಂದು ಮುಖಗಳು ನನ್ನನ್ನೇ ನೋಡುತ್ತಿದ್ದವು. ಅವು ಎಷ್ಟು ಸುಮ್ಮನಿದ್ದವು ಎಂಬುದು ನನಗೆ ಆಮೇಲೆ ನೆನಪಾಯಿತು.

"ಮೇಡಂ, ಹಿಂದೆ."

ಕಾಕಾನ ಧ್ವನಿ. ತಿರುಗಿ ನೋಡಿದೆ. ವೇದಿಕೆಯ ಅಂಚು ನನ್ನ ಹಿಮ್ಮಡಿಯ ಕೆಳಗಿತ್ತು, ಆಚೆ ಎದೆಯೆತ್ತರದ ತಗ್ಗು, ಕೆಳಗೆ ಸಿಮೆಂಟಿನ ನೆಲ. ನಾನು ಥ್ಯಾಂಕ್ಸ್ ಹೇಳಲಿಲ್ಲ. "ಗೊತ್ತು" ಅಂದೆ.

ಮನೆಗೆ ಹೋದೆ. ಗಂಡನಿಗೆ ಎಲ್ಲ ಹೇಳಿದೆ. ಆವತ್ತು ಅವರು ನಗಲಿಲ್ಲ. "ಆ ಗುಂಡಿಗೆ ಬಿದ್ದೋನ ಕಥೆ ಹತ್ತು ಸಲ ಹೇಳಿದ್ಯಲ್ಲ" ಅಂದರು ಅಷ್ಟೇ.

ಶನಿವಾರ ಮತ್ತು ಭಾನುವಾರ ನಾನು ಆ ಜಾಗಕ್ಕೆ ಬೇರೆಯವರನ್ನು ಹುಡುಕಿದೆ. ಗಂಡನನ್ನೇ ನಡುಮನೆಯಲ್ಲಿ ನಿಲ್ಲಿಸಿ ನೋಡಿದೆ. ಎಡ ಬಲ ಗೊತ್ತಾಗದ ಮನುಷ್ಯ, ಟೋಕನ್ ಕೊಡುವ ಬದಲು ಜೇಬಿಗೆ ಹಾಕಿಕೊಂಡರು. ಸಂಘದ ಕಾರ್ಯದರ್ಶಿಯನ್ನು ಕರೆದೆ, ಅವರು ಒಂದು ಗಂಟೆಗೇ ಕೈಮುಗಿದರು. ಏಳನೇ ಜಾಗ ತೆಗೆದು ಸಾಲನ್ನು ಕೂಡಿಸೋಣವೆಂದರೆ ಆರನೆಯವನ ಹೆಜ್ಜೆಯಿಂದ ಹನ್ನೆರಡನೆಯವಳ ಹೆಜ್ಜೆಯವರೆಗೆ ಎಲ್ಲವನ್ನೂ ಹೊಸದಾಗಿ ಕಲಿಸಬೇಕು. ವಾರದ ದಿನ, ಎಲ್ಲರಿಗೂ ಡ್ಯೂಟಿ. ಸೋಮವಾರದ ಹೊತ್ತಿಗೆ ನನಗೆ ಕಾಕಾ ಬೇಕಾಯಿತು. ಪಶ್ಚಾತ್ತಾಪ ಅಂದುಕೊಳ್ಳಬೇಡಿ. ಗರಜು. ಆರಕ್ಕೆ ಇಳಿಸಿದರೂ ಪರವಾಗಿಲ್ಲ, ಅಲ್ಲೊಬ್ಬ ಮನುಷ್ಯ ನಿಂತಿದ್ದರೆ ಸಾಕು ಅನ್ನಿಸಿತ್ತು.

ಮಂಗಳವಾರ ಬೆಳಿಗ್ಗೆ ಅವರ ಮೇಜಿಗೆ ಹೋದೆ. ಮೇಜಿನ ಮೇಲೆ ಕಾರಿನ ಕೀಲಿ, ಬಿಟ್ಟುಹೋದ ಒಂದು ಪೆನ್ನು. ಡ್ರಾಯರುಗಳೆಲ್ಲ ಖಾಲಿ. ರಿಸೆಪ್ಶನ್ನಿನ ಹುಡುಗಿ ಹೇಳಿದಳು: ಭಾನುವಾರವೇ ಬಂದು ಟಿಕೆಟ್ ಬೇಗದ್ದು ಮಾಡಿಸಿಕೊಂಡರು, ಸೋಮವಾರ ಊರಿಗೆ ಹೋದರು. ಗುರುವಾರ ಕತ್ತರಿಸಬೇಕೆಂದು ಆರ್ಡರ್ ಮಾಡಿದ್ದ ಬೀಳ್ಕೊಡುಗೆಯ ಕೇಕನ್ನು ಈಗ ಏನು ಮಾಡುವುದು ಎಂದೂ ಕೇಳಿದಳು.

ಅವರ ಇಲ್ಲಿಯ ನಂಬರಿಗೆ ಕರೆ ಮಾಡಿದೆ, ಸ್ವಿಚ್ ಆಫ್. ಊರಿನ ನಂಬರು ನನ್ನ ಹತ್ತಿರ ಇರಲೇ ಇಲ್ಲ. ಅವರ ಮಾತುಗಳ ಎಷ್ಟೋ ಗಂಟೆಯ ರೆಕಾರ್ಡಿಂಗ್ ಇತ್ತು. ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಅಂತ ಗಾದೆ. ಅದು ನನಗೆ ಅರ್ಥವಾಗಿದ್ದು ಆ ಖಾಲಿ ಡ್ರಾಯರುಗಳ ಮುಂದೆ ನಿಂತಾಗ.

ಶುಕ್ರವಾರ ಮಧ್ಯಾಹ್ನ ಹನ್ನೊಂದು ಜನರಿಗೂ ಹೇಳಿದೆ. "ಏನೂ ಬದಲಾಯಿಸೋದು ಬೇಡ. ಅವರು ಇದ್ದ ಹಾಗೇ ಮಾಡಿ. ಆರನೆಯವರು ಟೋಕನ್ ಚಾಚಿ, ಒಂದು ಎಣಿಕೆ ಬಿಡಿ, ಎಂಟನೆಯವರು ಕೈ ಚಾಚಿ ತಗೊಳ್ಳಿ." ಎಲ್ಲರೂ ತಲೆಯಾಡಿಸಿದರು. ವೇದಿಕೆಯ ಮೇಲೆ ಹಳದಿ ಗುರುತುಗಳು ಹಾಗೇ ಇದ್ದವು. ಪಕ್ಕದ ಪರದೆಯ ಹತ್ತಿರ ಫೈಲುಗಳ ಕಟ್ಟೂ ಇತ್ತು. ಎತ್ತಿ ಏಳರ ಮೇಲೆ ಇಟ್ಟೆ. ಯಾಕೆ ಇಟ್ಟೆ ಎಂದು ಕೇಳಿದರೆ ಹೇಳಲಾರೆ. ಇನ್ನೆಲ್ಲಿಡುವುದು ಎಂದು ತೋಚಲಿಲ್ಲ.

ಸಂಜೆ ಸಭಾಂಗಣ ತುಂಬಿತ್ತು. ಕಾರ್ಯಕ್ರಮದ ಪುಸ್ತಿಕೆಯಲ್ಲಿ ನನ್ನ ಹೆಸರು ಒಂದೇ ಸಾಲಿನಲ್ಲಿ ದಪ್ಪಕ್ಷರದಲ್ಲಿತ್ತು, ಎರಡು ವರ್ಷ ಕಾದ ಆ ಸಾಲನ್ನು ನಾನು ಓದಲಿಲ್ಲ. ಪರದೆಯ ಹಿಂದೆ ನಿಂತು ಉಗುರು ಕಚ್ಚುತ್ತಿದ್ದೆ. ಕ್ಯೂ ಶುರುವಾಯಿತು. ಎಲ್ಲರೂ ಪಾಸ್‌ಪೋರ್ಟನ್ನು ಎದೆಗೆ ಒತ್ತಿ ಹಿಡಿದಾಗ ಸಭೆಯಲ್ಲಿ ಗುರುತು ಸಿಕ್ಕವರ ನಗು ಹರಡಿತು. ಟೋಕನ್ ಐದರಿಂದ ಆರಕ್ಕೆ ಬಂತು. ಆರನೆಯವನು ಕೈ ಚಾಚಿದ. ಅಲ್ಲಿ ಯಾರೂ ಇಲ್ಲ, ನೆಲದ ಮೇಲೆ ಒಂದು ಕಟ್ಟು ಫೈಲು. ನಗು ನಿಂತಿತು. ಒಂದು ಎಣಿಕೆಯಾದ ಮೇಲೆ ಎಂಟನೆಯವಳು, ಆ ನರ್ಸು, ಖಾಲಿ ಜಾಗವನ್ನು ದಾಟಿ ಕೈ ನೀಡಿ ಚೀಟಿ ತೆಗೆದುಕೊಂಡಳು. ಕಾಲನ್ನು ಮಾತ್ರ ಆ ಜಾಗದ ಒಳಗೆ ಇಡಲಿಲ್ಲ.

ಆಮೇಲೆ ಎಕ್ಸ್‌ರೇ, ಮೌನ. ಹನ್ನೊಂದು ಜನ ಉಸಿರು ಹಿಡಿದರು. ನಾನು ಎಣಿಸಿದೆ. ಸಭೆಯೂ ಉಸಿರು ಹಿಡಿದಿತ್ತು, ಅದು ನನಗೆ ಕೇಳಿಸುತ್ತಿತ್ತು, ಅಂದರೆ ಏನೂ ಕೇಳಿಸುತ್ತಿರಲಿಲ್ಲ. ನಾಲ್ಕು, ಐದು, ಆರು. ಆರಕ್ಕೆ ಇಡೀ ಸಭಾಂಗಣ ಉಸಿರು ಬಿಟ್ಟಿತು. ಯಾರೂ ಹೇಳಿಕೊಟ್ಟಿರಲಿಲ್ಲ. ಆ ಯಂತ್ರದ ಮುಂದೆ ಎದೆಯೊತ್ತಿ ನಿಂತಿದ್ದವರ ಮೈಗೆ ಅಷ್ಟೇ ಹೊತ್ತು ಎಂದು ನೆನಪಿತ್ತು. ವೇದಿಕೆಯ ಮೇಲಿನ ನನ್ನ ಹನ್ನೊಂದು ಜನ ಮಾತ್ರ ಇನ್ನೂ ಎರಡು ಎಣಿಕೆ, ನಾನು ಹೇಳಿದ್ದಕ್ಕೆ, ಸುಮ್ಮನೆ ನಿಂತಿದ್ದರು. ಆ ಎರಡು ಎಣಿಕೆಯಲ್ಲಿ ನನ್ನ ಕಣ್ಣು ತುಂಬಿ ಬಂತು.

ನಾಟಕ ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಮೈಕ್ ಹಿಡಿದು, "ಆ ಖಾಲಿ ಜಾಗ. ನಮ್ಮ ಜೊತೆ ಬಂದು, ಮೆಡಿಕಲ್‌ನಲ್ಲಿ ಫೇಲಾಗಿ ವಾಪಸ್ ಹೋದ ಒಬ್ಬೊಬ್ಬರ ಮುಖ ನೆನಪಾಯ್ತು. ಎಂಥ ಕಲ್ಪನೆ ಮೇಡಂ ಅದು" ಅಂದರು. ಅವರ ಕಣ್ಣಲ್ಲೂ ನೀರಿತ್ತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಹನ್ನೊಂದು ಜನ ನನ್ನ ಹಿಂದೆ ನಿಂತಿದ್ದರು, ಆ ಜಾಗ ಹೇಗೆ ಖಾಲಿಯಾಯಿತು ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಮೈಕಿನಲ್ಲಿ "ಧನ್ಯವಾದ" ಅಂದೆ. ಅಷ್ಟೇ ಅಂದೆ.

ಮರುದಿನ ಬೆಳಿಗ್ಗೆ ಗೊತ್ತಿಲ್ಲದ ಭಾರತದ ನಂಬರಿನಿಂದ ಧ್ವನಿ ಸಂದೇಶ ಬಂದಿತ್ತು. "ಮೇಡಂ, ನಾನು. ಲೈವ್ ನೋಡಿದೆವು, ಮನೆಯವರೆಲ್ಲ ಕೂತು. ತುಂಬ ಚೆಂದ ಆಯ್ತು. ನನ್ನ ಜಾಗ ಹಾಗೇ ಇಟ್ರಲ್ಲ, ಯಾರನ್ನೂ ನಿಲ್ಲಿಸದೆ. ಫೈಲು ಸಮೇತ. ಮಗಳಿಗೆ ತೋರಿಸಿದೆ, ಅದು ನಾನು ನಿಲ್ಲುವ ಜಾಗ ಅಂತ. ತುಂಬ ಥ್ಯಾಂಕ್ಸ್ ಮೇಡಂ."

ಆ ಸಂದೇಶವನ್ನು ಎಷ್ಟು ಸಲ ಕೇಳಿದೆನೋ. ಶಾಲು ಕುರ್ಚಿಯ ಮೇಲೆ ಮಡಿಕೆ ಬಿಚ್ಚದೆ ಬಿದ್ದಿತ್ತು. ಮಧ್ಯಾಹ್ನದವರೆಗೆ ತಡೆದುಕೊಂಡು ಕೊನೆಗೆ ಆ ನಂಬರಿಗೆ ಕರೆ ಮಾಡಿದೆ. ಒಂದೇ ಉಸಿರಿಗೆ ಹೇಳಿದೆ, ನಿಧಾನ ಮಾಡಿದರೆ ಧೈರ್ಯ ಹೋಗುತ್ತದೆಂದು.

"ಕಾಕಾ, ನಾನು ಆವತ್ತು ಮಾಡಿದ್ದು ತಪ್ಪು. ಎಲ್ಲರ ಮುಂದೆ ಹಾಗೆ ಅನ್ಬಾರದಿತ್ತು. ನೀವು ಆರಕ್ಕೆ ಬಿಡ್ತಿದ್ದದ್ದೇ ಸರಿ, ಇಡೀ ಸಭೆ ಆರಕ್ಕೇ ಉಸಿರು ಬಿಡ್ತು. ಮತ್ತೆ, ನಿಮ್ಮ ಜಾಗ ನಾನು ಬೇಕು ಅಂತ ಖಾಲಿ ಇಟ್ಟಿದ್ದಲ್ಲ. ಬೇರೆಯವರನ್ನ ನಿಲ್ಲಿಸಿ ನೋಡಿದೆ, ಆಗಲಿಲ್ಲ. ಬದಲಾಯಿಸೋಕೆ ಟೈಮ್ ಇರ್ಲಿಲ್ಲ. ಅಷ್ಟೇ ನಡೆದಿದ್ದು."

ಆ ಕಡೆಯಿಂದ "ಒಂದು ನಿಮಿಷ" ಅಂದರು. ಬಾಗಿಲು ತೆರೆದ ಸದ್ದು, ಚಪ್ಪಲಿಯ ಸದ್ದು, ಆಮೇಲೆ ತಗ್ಗಿದ ಧ್ವನಿ.

"ಗೊತ್ತುಂಟು ಮೇಡಂ. ಟೇಪು ಅಂಟಿಸಿದ್ದು ನಾನಲ್ವಾ? ಅದನ್ನು ಒಂದು ಮಧ್ಯಾಹ್ನದಲ್ಲಿ ಬದಲು ಮಾಡ್ಲಿಕ್ಕೆ ಆಗುದಿಲ್ಲ ಅಂತ ನನಗೆ ಗೊತ್ತಾಗುದಿಲ್ವಾ?"

"ಮತ್ತೆ ಥ್ಯಾಂಕ್ಸ್ ಯಾಕೆ ಹೇಳಿದ್ರಿ?"

"ಮಗಳು ಪಕ್ಕದಲ್ಲೇ ಕೂತಿದ್ದಳು." ಧ್ವನಿ ಇನ್ನೂ ತಗ್ಗಿಸಿದರು. "ನನ್ನನ್ನು ತೆಗೆದದ್ದು ಅವಳಿಗೆ ಹೇಳ್ಲಿಲ್ಲ. ಕಂಪನಿಯವರು ಬೇಗ ಕಳಿಸಿದ್ರು ಅಂತ ಹೇಳಿದ್ದೇನೆ. ಖಾಲಿ ಜಾಗ ನೋಡಿ ಅವಳು ಅತ್ತುಬಿಟ್ಟಳು. ಅಷ್ಟು ದೊಡ್ಡ ಮರ್ಯಾದೆ ಕೊಟ್ಟಿದ್ದಾರೆ ನಿಮಗೆ ಅಂತ." ಅಷ್ಟರಲ್ಲಿ ಹಿಂದೆ ಯಾರೋ ಮಾತಾಡಿದ್ದು ಕೇಳಿಸಿತು. "ಬಂದಳು ನೋಡಿ. ನಿಮ್ಮ ಹತ್ರ ಮಾತಾಡ್ಬೇಕಂತೆ. ಕೊಡ್ಲಾ?"

ಬೇಡ ಅನ್ನುವಷ್ಟರಲ್ಲಿ ಫೋನು ಕೈ ಬದಲಾಗಿತ್ತು. ಮೆದು ಧ್ವನಿ, ಅಪ್ಪನದೇ ಕನ್ನಡ.

"ನಮಸ್ಕಾರ ಮೇಡಂ. ತಂದೆಯವರ ಜಾಗ ನೀವು ಯಾರಿಗೂ ಕೊಡ್ಲಿಲ್ಲವಂತೆ. ಹೌದಾ?"

ಅಪ್ಪನ ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ಆಕೆಗೆ ಕಾಣಸಿಕ್ಕಿದ್ದು ಅಷ್ಟೇ, ಒಂದು ಹಳದಿ ಗುರುತು, ಒಂದು ಕಟ್ಟು ಫೈಲು.

"ಹೌದಮ್ಮ" ಅಂದೆ. "ಯಾರಿಗೂ ಕೊಡ್ಲಿಲ್ಲ."